ಬ್ರಿಟನ್ನಿನ ಸ್ಮರಣಾರ್ಥ ಕ್ರೌನ್ ನಾಣ್ಯಗಳು: ಚಿತ್ರ ಒಂದೇ, ಲೋಹ ಹಲವು

ಪಟ್ಟಾಭಿಷೇಕ, ರಾಜಮನೆತನದ ವಿವಾಹ, ಆಳ್ವಿಕೆಯ ರಜತೋತ್ಸವ, ರಾಷ್ಟ್ರೀಯ ವಸ್ತುಪ್ರದರ್ಶನ ಮುಂತಾದ ಸಂದರ್ಭಗಳ ನೆನಪಿಗಾಗಿ ಬ್ರಿಟನ್ನಿನ ಅಧಿಕೃತ ಟಂಕಸಾಲೆಯಾದ ರಾಯಲ್ ಮಿಂಟ್ ಹೊರತರುವ ದೊಡ್ಡ ಗಾತ್ರದ ನಾಣ್ಯಕ್ಕೆ ‘ಕ್ರೌನ್’ ಎಂದು ಹೆಸರು. ಇದರ ವ್ಯಾಸ 38.61 ಮಿ.ಮೀ. ಒಂದೇ ಚಿತ್ರವನ್ನು ತಾಮ್ರ-ನಿಕಲ್, ಬೆಳ್ಳಿ, ಬಂಗಾರ, ಅಪರೂಪಕ್ಕೆ ಪ್ಲಾಟಿನಂ ಲೋಹಗಳಲ್ಲಿಯೂ ಅಚ್ಚು ಹಾಕುವುದು ಈ ನಾಣ್ಯಗಳ ವೈಶಿಷ್ಟ್ಯ. ನೋಟಕ್ಕೆ ಅವಳಿಗಳಂತಿರುವ ಎರಡು ಕ್ರೌನ್‌ಗಳಲ್ಲಿ ಒಂದು ಮುಖಬೆಲೆಯ ಆಸುಪಾಸಿನಲ್ಲಿಯೇ ಉಳಿದರೆ, ಮತ್ತೊಂದು ಅದರ ಹತ್ತಾರು ಪಟ್ಟು ಬೆಲೆ ಬಾಳಬಹುದು. ಆದುದರಿಂದ ಕ್ರೌನ್ ಸಂಗ್ರಹಕ್ಕೆ ಇಳಿಯುವವರು ಚಿತ್ರಕ್ಕಿಂತ ಮೊದಲು ಲೋಹವನ್ನು ಗುರುತಿಸಲು ಕಲಿಯುವುದು ಅಗತ್ಯ.

ಹಿನ್ನೆಲೆ

ಎಂಟನೆಯ ಹೆನ್ರಿಯ ಕಾಲದಲ್ಲಿ, 1526ರಲ್ಲಿ, ಕ್ರೌನ್ ಮೊದಲು ಬಂಗಾರದ ನಾಣ್ಯವಾಗಿ ಚಲಾವಣೆಗೆ ಬಂದಿತು. ಆರನೆಯ ಎಡ್ವರ್ಡ್ ಆಳ್ವಿಕೆಯ 1551ರಲ್ಲಿ ಬೆಳ್ಳಿಯ ಕ್ರೌನ್ ಕಾಣಿಸಿಕೊಂಡಿತು. ಇದರ ಮೌಲ್ಯ ಐದು ಷಿಲಿಂಗ್, ಎಂದರೆ ಒಂದು ಪೌಂಡಿನ ಕಾಲು ಭಾಗ. 1816ರ ನಾಣ್ಯ ಸುಧಾರಣೆಯ ನಂತರ ಇದರ ತೂಕ 28.28 ಗ್ರಾಂ ಎಂದು ನಿಗದಿಯಾಯಿತು. ಬೆಳ್ಳಿಯ ಪ್ರಮಾಣ ಶೇ. 92.5. ಇಟಲಿ ಮೂಲದ ಶಿಲ್ಪಿ ಬೆನೆಡೆಟ್ಟೊ ಪಿಸ್ಟ್ರುಚಿ ರೂಪಿಸಿದ, ಕುದುರೆಯೇರಿ ಡ್ರ್ಯಾಗನ್‌ನನ್ನು ಸಂಹರಿಸುವ ಸೇಂಟ್ ಜಾರ್ಜ್ ಚಿತ್ರವು 1818ರ ಕ್ರೌನ್‌ನಲ್ಲಿ ಮೂಡಿಬಂದಿತು.

ಬೆಳ್ಳಿಯಿಂದ ತಾಮ್ರ-ನಿಕಲ್‌ಗೆ

ಮೊದಲ ಮಹಾಯುದ್ಧದ ಬಳಿಕ ಬೆಳ್ಳಿಯ ಧಾರಣೆ ಏರಿದ್ದರಿಂದ 1920ರಲ್ಲಿ ಬ್ರಿಟನ್ ತನ್ನ ಬೆಳ್ಳಿ ನಾಣ್ಯಗಳಲ್ಲಿನ ಬೆಳ್ಳಿಯ ಪ್ರಮಾಣವನ್ನು ಶೇ. 50ಕ್ಕೆ ಇಳಿಸಿತು. ಐದನೆಯ ಜಾರ್ಜ್ ಆಳ್ವಿಕೆಯ ರಜತೋತ್ಸವಕ್ಕೆ 1935ರಲ್ಲಿ ಬಂದ ಕ್ರೌನ್ ಈ ಮಿಶ್ರಲೋಹದ್ದು. ಸುಮಾರು 7.14 ಲಕ್ಷ ನಾಣ್ಯಗಳು ಅಚ್ಚಾದವು. ಪರ್ಸಿ ಮೆಟ್ಕಾಫ್ ರಚಿಸಿದ, ಗೆರೆಗೆರೆಯಾಗಿ ಬಿಗಿದುಕೊಂಡ ಆಧುನಿಕ ಶೈಲಿಯ ಸೇಂಟ್ ಜಾರ್ಜ್ ಅಂದಿನವರಿಗೆ ವಿಚಿತ್ರವಾಗಿ ಕಂಡರೂ ಇಂದು ಸಂಗ್ರಾಹಕರಿಗೆ ಪ್ರಿಯವಾದ ವಿನ್ಯಾಸ. ಆರನೆಯ ಜಾರ್ಜ್ ಪಟ್ಟಾಭಿಷೇಕದ 1937ರ ಕ್ರೌನ್ ಕೂಡ ಅರ್ಧ ಬೆಳ್ಳಿಯದೇ.

ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದಿಂದ ಎರವಲು ಪಡೆದ ಬೆಳ್ಳಿಯನ್ನು ಹಿಂದಿರುಗಿಸಬೇಕಾದ ಹೊರೆ ಬ್ರಿಟನ್ ಮೇಲಿತ್ತು. 1947ರಿಂದ ಅದರ ಚಲಾವಣೆಯ ನಾಣ್ಯಗಳಿಂದ ಬೆಳ್ಳಿಯೇ ಮರೆಯಾಗಿ, ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್ ಇರುವ ಮಿಶ್ರಲೋಹ ಜಾರಿಗೆ ಬಂದಿತು. ಭಾರತದ ರೂಪಾಯಿಯೂ ಇದೇ ಹಾದಿ ಹಿಡಿದಿತ್ತು. 1940ರಲ್ಲಿ ಅದರ ಬೆಳ್ಳಿ ಅರ್ಧಕ್ಕೆ ಇಳಿದು, 1947ರಲ್ಲಿ ರೂಪಾಯಿ ನಿಕಲ್ ನಾಣ್ಯವಾಯಿತು.

1951ರ ‘ಫೆಸ್ಟಿವಲ್ ಆಫ್ ಬ್ರಿಟನ್’ ಕ್ರೌನ್ (ಸುಮಾರು 20 ಲಕ್ಷ), ಎರಡನೆಯ ಎಲಿಜಬೆತ್ ಪಟ್ಟಾಭಿಷೇಕದ 1953ರ ಕ್ರೌನ್ (ಸುಮಾರು 59.6 ಲಕ್ಷ), ನ್ಯೂಯಾರ್ಕ್‌ನ ಬ್ರಿಟಿಷ್ ವಸ್ತುಪ್ರದರ್ಶನದ 1960ರ ಕ್ರೌನ್ (ಸುಮಾರು 10 ಲಕ್ಷ), ವಿನ್ಸ್ಟನ್ ಚರ್ಚಿಲ್ ಸ್ಮರಣೆಯ 1965ರ ಕ್ರೌನ್ (ಸುಮಾರು 1.96 ಕೋಟಿ) ಇವೆಲ್ಲ ತಾಮ್ರ-ನಿಕಲ್ ನಾಣ್ಯಗಳು. ಬೆಳ್ಳಿಯಂತೆ ಹೊಳೆಯುತ್ತವೆ, ಆದರೆ ಇವುಗಳಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ.

25 ಪೆನ್ನಿಯೋ, 5 ಪೌಂಡೋ?

1971ರ ಫೆಬ್ರವರಿ 15ರಂದು ಬ್ರಿಟನ್ ದಶಮಾಂಶ ಪದ್ಧತಿಗೆ ಬದಲಾದಾಗ ಐದು ಷಿಲಿಂಗ್ 25 ಹೊಸ ಪೆನ್ನಿಗೆ ಸಮವಾಯಿತು. ರಾಣಿಯ ವಿವಾಹದ ರಜತೋತ್ಸವ (1972), ಆಳ್ವಿಕೆಯ ರಜತೋತ್ಸವ (1977), ರಾಜಮಾತೆಯ 80ನೆಯ ಹುಟ್ಟುಹಬ್ಬ (1980), ಚಾರ್ಲ್ಸ್-ಡಯಾನಾ ವಿವಾಹ (1981) ಇವುಗಳ ಕ್ರೌನ್‌ಗಳ ಮುಖಬೆಲೆ 25 ಪೆನ್ನಿ ಮಾತ್ರ. ನಾಣ್ಯದ ಮೇಲೆ ಆ ಮೊತ್ತವನ್ನು ನಮೂದಿಸಿಲ್ಲ. ರಾಜಮಾತೆಯ 90ನೆಯ ಹುಟ್ಟುಹಬ್ಬದ 1990ರ ಕ್ರೌನ್‌ನಿಂದ ಮುಖಬೆಲೆಯನ್ನು 5 ಪೌಂಡ್‌ಗೆ ಏರಿಸಲಾಯಿತು. ಗಾತ್ರ ಬದಲಾಗಲಿಲ್ಲ, ಹಳೆಯ ನಾಣ್ಯಗಳ ಮುಖಬೆಲೆಯೂ ಏರಲಿಲ್ಲ. ಹೀಗಾಗಿ ನಾಣ್ಯದ ಮೇಲಿನ ಇಸವಿಯೇ ಅದರ ಮುಖಬೆಲೆಯ ಸೂಚಕ. ಇವು ಕಾನೂನುಬದ್ಧ ಹಣವೇ ಆದರೂ ಬ್ರಿಟನ್ನಿನ ಅಂಗಡಿ, ಬ್ಯಾಂಕುಗಳು ಇವನ್ನು ಸ್ವೀಕರಿಸಲೇಬೇಕೆಂಬ ನಿರ್ಬಂಧವಿಲ್ಲ.

1972ರಿಂದ ಮತ್ತೊಂದು ಪದ್ಧತಿ ಬೆಳೆಯಿತು. ಜನಸಾಮಾನ್ಯರಿಗೆ ತಾಮ್ರ-ನಿಕಲ್ ನಾಣ್ಯ; ಸಂಗ್ರಾಹಕರಿಗೆ ಅದೇ ಚಿತ್ರದ ಶೇ. 92.5 ಬೆಳ್ಳಿಯ ‘ಪ್ರೂಫ್’ ನಾಣ್ಯ. 1990ರ ಕ್ರೌನ್ 22 ಕ್ಯಾರೆಟ್ ಬಂಗಾರದಲ್ಲಿಯೂ ಬಂದಿತು. ಎರಡು ಪಟ್ಟು ದಪ್ಪದ ನಾಣ್ಯಕ್ಕೆ ‘ಪೀಡ್‌ಫೋರ್ಟ್’ ಎನ್ನುತ್ತಾರೆ. ಬ್ರಿಟನ್-ಫ್ರಾನ್ಸ್ ಸ್ನೇಹ ಒಪ್ಪಂದದ ಶತಮಾನೋತ್ಸವಕ್ಕೆ 2004ರಲ್ಲಿ ಹೊರಬಂದ ಕ್ರೌನ್ ಪ್ಲಾಟಿನಂ ಪೀಡ್‌ಫೋರ್ಟ್ ರೂಪದಲ್ಲಿಯೂ ಬಿಡುಗಡೆಯಾಯಿತು.

ಲೋಹವನ್ನು ಗುರುತಿಸುವ ಬಗೆ

ತೂಕ: ಬೆಳ್ಳಿಯ ಕ್ರೌನ್ ಮತ್ತು ತಾಮ್ರ-ನಿಕಲ್ ಕ್ರೌನ್ ಎರಡೂ 28.28 ಗ್ರಾಂ ತೂಗುತ್ತವೆ. ಆದ್ದರಿಂದ ಇವೆರಡನ್ನು ಬೇರ್ಪಡಿಸಲು ತಕ್ಕಡಿಯೊಂದೇ ಸಾಲದು. ಆದರೆ ಬಂಗಾರದ ಕ್ರೌನ್ 39.94 ಗ್ರಾಂ ತೂಗುತ್ತದೆ. ಬಂಗಾರದ್ದೆಂದು ತೋರಿಸುವ ನಾಣ್ಯ 28 ಗ್ರಾಂ ಆಸುಪಾಸಿನಲ್ಲಿದ್ದರೆ ಅದು ಬರೀ ಬಂಗಾರದ ಲೇಪವೆಂದು ತಿಳಿಯಬೇಕು. ಲೇಪಿತ ನಾಣ್ಯಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಬೆಳ್ಳಿಯ ಪೀಡ್‌ಫೋರ್ಟ್ ತೂಕ 56.56 ಗ್ರಾಂ.

ಗಾತ್ರ: ಬೆಳ್ಳಿ ಹೆಚ್ಚು ಸಾಂದ್ರವಾದುದರಿಂದ ಅದೇ ತೂಕದ ಬೆಳ್ಳಿ ನಾಣ್ಯ ತುಸು ತೆಳುವಾಗಿರುತ್ತದೆ. ಸೂಕ್ಷ್ಮ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ತೂಕವನ್ನು ಸೊನ್ನೆಗೆ ತಂದು, ದಾರದಲ್ಲಿ ಕಟ್ಟಿದ ನಾಣ್ಯವನ್ನು ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿದರೆ ಶೇ. 92.5 ಬೆಳ್ಳಿಯ ಕ್ರೌನ್ ಸುಮಾರು 2.7 ಗ್ರಾಂ, ತಾಮ್ರ-ನಿಕಲ್ ಕ್ರೌನ್ ಸುಮಾರು 3.2 ಗ್ರಾಂ ತೋರಿಸುತ್ತದೆ. ಮುಚ್ಚಿದ ಕೋಶದಲ್ಲಿರುವ ಪ್ರೂಫ್ ನಾಣ್ಯವನ್ನು ಮಾತ್ರ ಇದಕ್ಕಾಗಿ ಹೊರತೆಗೆಯಬಾರದು.

ಅಯಸ್ಕಾಂತ: ತಾಮ್ರ-ನಿಕಲ್ ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಾಗಾಗಿ ಅಂಟದಿರುವುದು ಬೆಳ್ಳಿಗೆ ಸಾಕ್ಷಿಯಲ್ಲ.

ಅಂಚು: 1935ರ ಸಾಮಾನ್ಯ ಕ್ರೌನ್‌ನ ಅಂಚಿನ ಅಕ್ಷರಗಳು ಒಳಗೆ ಕೊರೆದಂತಿವೆ. ಅದೇ ವರ್ಷ ಶೇ. 92.5 ಬೆಳ್ಳಿಯಲ್ಲಿ ತಯಾರಾದ 2,500 ವಿಶೇಷ ನಾಣ್ಯಗಳಲ್ಲಿ ಅಕ್ಷರಗಳು ಉಬ್ಬಿ ನಿಂತಿವೆ. ಇಲ್ಲಿ ಅಂಚನ್ನು ಓದಿದರೆ ಲೋಹ ತಿಳಿಯುತ್ತದೆ.

‘ಪ್ರೂಫ್’ ಎಂಬ ಪದವೂ ಲೋಹವನ್ನು ಸೂಚಿಸುವುದಿಲ್ಲ. ಹೊಳಪು ಕೊಟ್ಟ ಅಚ್ಚು ಮತ್ತು ಬಿಲ್ಲೆಗಳಿಂದ ಎಚ್ಚರಿಕೆಯಿಂದ ತಯಾರಿಸಿದ ನಾಣ್ಯ ಎಂಬುದಷ್ಟೇ ಅದರ ಅರ್ಥ. ತಾಮ್ರ-ನಿಕಲ್ ಪ್ರೂಫ್‌ಗಳೂ ಇವೆ.

ಬೆಲೆಯನ್ನು ನಿರ್ಧರಿಸುವ ಅಂಶಗಳು

ಅನೇಕ ಮನೆಗಳಲ್ಲಿ ಹಿರಿಯರು ಜೋಪಾನವಾಗಿ ತೆಗೆದಿಟ್ಟ ಕ್ರೌನ್ ನಾಣ್ಯಗಳು ಮುಂದಿನ ಪೀಳಿಗೆಗೆ ಬರುವುದುಂಟು. ಅವುಗಳ ಮೇಲಿನ ನಿರೀಕ್ಷೆ ಹುಸಿಯಾಗುವುದು ಹೆಚ್ಚಾಗಿ ತಾಮ್ರ-ನಿಕಲ್ ನಾಣ್ಯಗಳ ವಿಷಯದಲ್ಲಿ. 1977ರಲ್ಲಿ ಸುಮಾರು 3.7 ಕೋಟಿ, 1981ರಲ್ಲಿ ಸುಮಾರು 2.68 ಕೋಟಿ ತಾಮ್ರ-ನಿಕಲ್ ಕ್ರೌನ್‌ಗಳು ಅಚ್ಚಾಗಿವೆ. ಖರ್ಚು ಮಾಡದೆ ನೆನಪಿಗೆಂದು ಎಲ್ಲರೂ ಎತ್ತಿಟ್ಟುಕೊಂಡ ಕಾರಣ ಅವು ಸವೆಯಲಿಲ್ಲ, ಕಳೆದುಹೋಗಲೂ ಇಲ್ಲ. ಅಪರೂಪವಲ್ಲದ ವಸ್ತುವಿಗೆ ವಯಸ್ಸೊಂದೇ ಬೆಲೆ ತರಲಾರದು.

ಬೆಳ್ಳಿಯ ಕ್ರೌನ್‌ನ ಸ್ಥಿತಿ ಬೇರೆ. ಶೇ. 92.5ರ ನಾಣ್ಯದಲ್ಲಿ ಸುಮಾರು 26.16 ಗ್ರಾಂ ಅಪ್ಪಟ ಬೆಳ್ಳಿಯಿದೆ. 1935 ಮತ್ತು 1937ರ ಅರ್ಧ ಬೆಳ್ಳಿಯ ನಾಣ್ಯಗಳಲ್ಲಿ 14.14 ಗ್ರಾಂ ಇದೆ. ಬಂಗಾರದ ಕ್ರೌನ್‌ನಲ್ಲಿ ಸುಮಾರು 36.6 ಗ್ರಾಂ ಅಪ್ಪಟ ಬಂಗಾರವಿದೆ. ಅಂದಿನ ಲೋಹದ ಧಾರಣೆಯೇ ಇವುಗಳ ಬೆಲೆಗೆ ಅಡಿಗಲ್ಲು. ಅದರ ಮೇಲೆ ಅಚ್ಚಾದ ಸಂಖ್ಯೆ, ನಾಣ್ಯದ ಸ್ಥಿತಿ, ಮೂಲ ಪೆಟ್ಟಿಗೆ ಹಾಗೂ ಪ್ರಮಾಣಪತ್ರಗಳು ಸೇರಿಕೊಳ್ಳುತ್ತವೆ.

ಸಂರಕ್ಷಣೆ

ಬೆಳ್ಳಿ ನಾಣ್ಯ ಕಪ್ಪಿಟ್ಟಿತೆಂದು ಹುಣಸೆಹಣ್ಣಿನಿಂದಲೋ ಹಲ್ಲುಪುಡಿಯಿಂದಲೋ ಉಜ್ಜುವುದು ದೊಡ್ಡ ತಪ್ಪು. ಉಜ್ಜಿದ ಗೆರೆಗಳು ಶಾಶ್ವತ. ಅನುಭವಿ ಸಂಗ್ರಾಹಕರ ಕಣ್ಣಿಗೆ ಅವು ಒಡನೆಯೇ ಬೀಳುತ್ತವೆ, ಬೆಲೆಯೂ ಕುಸಿಯುತ್ತದೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಪಿವಿಸಿ ಪ್ಲಾಸ್ಟಿಕ್ ಹಾಳೆಗಳು ಕಾಲಕ್ರಮದಲ್ಲಿ ಲೋಹಕ್ಕೆ ಹಾನಿ ಮಾಡುವುದರಿಂದ ಅವನ್ನು ಬಳಸದೆ, ತೇವವಿಲ್ಲದ ಜಾಗದಲ್ಲಿ ನಾಣ್ಯವನ್ನು ಇಡಬೇಕು. ಮಾರುವ ಅಥವಾ ಕೊಳ್ಳುವ ಮುನ್ನ ಇಸವಿ, ತೂಕ, ಅಂಚು, ಪ್ರಮಾಣಪತ್ರ ಈ ನಾಲ್ಕನ್ನೂ ಪರಿಶೀಲಿಸಿದರೆ ಮೋಸ ಹೋಗುವ ಸಂಭವ ಬಹುಮಟ್ಟಿಗೆ ತಪ್ಪುತ್ತದೆ.