ಒಂದು ಪ್ಯೂಮಾದ ಯಕೃತ್ತು

1989ರ ಜುಲೈ ತಿಂಗಳಿನಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು ವರ್ಷದ ಹೆಣ್ಣು ಪ್ಯಾಂಥರ್ ಒಂದು ಸತ್ತು ಬಿದ್ದಿತ್ತು. ಪ್ಯಾಂಥರ್ ಎಂದರೆ ಇಲ್ಲಿ ನಮ್ಮ ಚಿರತೆಯಲ್ಲ. ಚುಕ್ಕೆಗಳಿಲ್ಲದ, ಕಂದು ಮೈಯ ಪ್ಯೂಮಾ. 1982ರಲ್ಲಿ ಶಾಲಾಮಕ್ಕಳು ಆರಿಸಿದ ರಾಜ್ಯಪ್ರಾಣಿ. ಗೌರವವೇನೋ ದೊರಕಿತ್ತು, ಆದರೆ ಕಾಡಿನಲ್ಲಿ ಉಳಿದಿದ್ದವು ನೂರಕ್ಕಿಂತ ಬಹಳ ಕಡಿಮೆ. ಸತ್ತ ಹೆಣ್ಣಿನ ಯಕೃತ್ತಿನಲ್ಲಿ ದಶಲಕ್ಷಕ್ಕೆ 110 ಭಾಗದಷ್ಟು ಪಾದರಸ ಸಿಕ್ಕಿತು.

ಯಕೃತ್ತಿನಲ್ಲಿ ಲೋಹವಿರುವುದು ವಿಶೇಷವಲ್ಲ. ಕಬ್ಬಿಣ, ತಾಮ್ರ, ಸತು ಅಲ್ಪ ಪ್ರಮಾಣದಲ್ಲಿ ಇರಲೇಬೇಕು. ಪಾದರಸಕ್ಕೆ ಮಾತ್ರ ದೇಹದಲ್ಲಿ ಯಾವ ಕೆಲಸವೂ ಇಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ಎವರ್‌ಗ್ಲೇಡ್ಸ್‌ನ ಬಾಸ್ ಮೀನುಗಳಲ್ಲಿ ಪಾದರಸವಿದೆಯೆಂದು ಜನರಿಗೆ ಎಚ್ಚರಿಕೆ ನೀಡಲಾಗಿತ್ತು. ಜಪಾನಿನ ಮಿನಮಾಟದಲ್ಲಿ 1950ರ ದಶಕದಲ್ಲಿ ಕುಣಿಕುಣಿದು ಸತ್ತ ಬೆಕ್ಕುಗಳಾದರೋ ಕೊಲ್ಲಿಯ ಮೀನನ್ನೇ ತಿಂದಿದ್ದವು. ಜಿಂಕೆಯನ್ನು ಬೇಟೆಯಾಡುವ ಪ್ಯೂಮಾದ ಒಡಲಿಗೆ ಅದು ಸೇರಿದ್ದು ಹೇಗೆ?

ಉತ್ತರ ಸಿಕ್ಕಿದ್ದು ಊಟದ ಲೆಕ್ಕದಲ್ಲಿ. ಜಿಂಕೆ, ಕಾಡುಹಂದಿ ಧಾರಾಳವಾಗಿದ್ದ ಉತ್ತರದ ಒಣನೆಲದ ಪ್ಯೂಮಾಗಳಲ್ಲಿ ಪಾದರಸ ಕಡಿಮೆಯಿತ್ತು. ದಕ್ಷಿಣದ ಜೌಗಿನಲ್ಲಿ ಜಿಂಕೆ ವಿರಳ. ಅಲ್ಲಿನವು ರಕೂನ್‌ಗಳಿಂದ ಹೊಟ್ಟೆ ಹೊರೆಯುತ್ತಿದ್ದವು. ರಕೂನ್ ತಿನ್ನುವುದು ಮೀನು, ಸಿಹಿನೀರಿನ ಸಿಗಡಿ. ಮೆಟ್ಟಿಲು ಏರಿದಂತೆಲ್ಲ ವಿಷ ಸಾಂದ್ರವಾಗುತ್ತ ಹೋಗಿತ್ತು. ಅರೆಹೊಟ್ಟೆಯ ಬಡ ಬೇಟೆನೆಲವೇ ಆ ಮೃಗಕ್ಕೆ ಮುಳುವಾಯಿತು ಎನ್ನಬೇಕು.

ಮಿನಮಾಟದಲ್ಲಿ ಬೆರಳು ಮಾಡಿ ತೋರಿಸಲು ಒಂದು ಕಾರ್ಖಾನೆಯ ಕೊಳವೆಯಿತ್ತು. ಎವರ್‌ಗ್ಲೇಡ್ಸ್‌ನ ಪಾದರಸಕ್ಕೆ ಅಂಥ ಒಬ್ಬನೇ ವಾರಸುದಾರನಿರಲಿಲ್ಲ. ದಕ್ಷಿಣ ಫ್ಲಾರಿಡಾದ ನಗರಗಳ ಕಸವನ್ನೂ ಆಸ್ಪತ್ರೆಗಳ ತ್ಯಾಜ್ಯವನ್ನೂ ಸುಡುವ ಕುಲುಮೆಗಳಲ್ಲಿ ಬ್ಯಾಟರಿ, ಥರ್ಮಾಮೀಟರುಗಳ ಪಾದರಸ ಆವಿಯಾಗಿ ಮೇಲೇರಿ, ಮಳೆಯೊಡನೆ ಇಳಿಯುತ್ತಿತ್ತು. ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಜೀವಿಗಳ ಮೈಗಂಟುವ ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತಿದ್ದವು. ಕಬ್ಬಿನ ಗದ್ದೆಗಳಿಂದ ಹರಿದುಬಂದ ಗಂಧಕದ ಸಲ್ಫೇಟು ಈ ಕೆಲಸಕ್ಕೆ ಇಂಬು ಕೊಟ್ಟಿತು. 1947ರಲ್ಲಿ ಉದ್ಯಾನವನ್ನು ಲೋಕಾರ್ಪಣೆ ಮಾಡಿದವರು ಗಡಿಯನ್ನು ನೆಲದ ಮೇಲಷ್ಟೇ ಎಳೆದಿದ್ದರು.

1990ರ ದಶಕದಲ್ಲಿ ಬ್ಯಾಟರಿಗಳಿಂದ ಪಾದರಸ ಮರೆಯಾಗತೊಡಗಿತು, ಕುಲುಮೆಗಳ ಹೊಗೆಗೆ ಕಡಿವಾಣ ಬಿತ್ತು. ಮೀನಿನಲ್ಲಿಯೂ ಪ್ರಮಾಣ ಗಮನಾರ್ಹವಾಗಿ ಇಳಿಯಿತು. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟ ಬಳಿಕ ಸಂತತಿಯೂ ಚೇತರಿಸಿತು. ಅದು ಒಳಸಂಬಂಧದಿಂದ ಕುಗ್ಗಿದ್ದ ವಂಶಕ್ಕೆ ಮಾಡಿದ ಚಿಕಿತ್ಸೆ, ಪಾದರಸಕ್ಕಲ್ಲ. ದೂರದ ಖಂಡಗಳ ಹೊಗೆಯಿಂದ ಬರುವ ಪಾದರಸ ಆ ಜೌಗಿನ ಮೇಲೆ ಇಂದಿಗೂ ಮಳೆಯಾಗಿ ಬೀಳುತ್ತಿದೆ. ಮೀನು ತಿನ್ನುವವರಿಗೆ ನೀಡುವ ಎಚ್ಚರಿಕೆಯೂ ನಿಂತಿಲ್ಲ.