ಬೀದರಿನ ಕೆಂಪುಕಲ್ಲು, ಕರೇಜಿನ ನೀರು

ಬಹಮನಿ ಸುಲ್ತಾನ ಅಹ್ಮದ್ ಶಾಹ (1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ್ದೇಕೆ? ಬೇಟೆಯಲ್ಲಿ ಸಣ್ಣ ಪ್ರಾಣಿಯೊಂದು ನಾಯಿಗಳ ಮೇಲೆಯೇ ತಿರುಗಿಬಿದ್ದುದನ್ನು ಕಂಡು, ಇದು ವೀರರ ಮಣ್ಣು ಎಂದುಕೊಂಡನಂತೆ. ವಿಜಯನಗರದ ಬಗೆಗೂ ಇಂಥದೇ ಕಥೆಯಿದೆ. ಎರಡು ಊರಿನ ಕಥೆ ಒಂದೇ, ಕಲ್ಲು ಮಾತ್ರ ಬೇರೆ. ಹಂಪಿಯದು ಸುಮಾರು 250 ಕೋಟಿ ವರ್ಷಗಳ ಹಿಂದಿನ ಗ್ರಾನೈಟ್. ಬೀದರಿನದು ಬೆಂಕಿ ಮತ್ತು ಮಳೆ ಸೇರಿ ಮಾಡಿದ ನೆಲ.

ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತಿದ್ದಾಗ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಬಿರುಕುಗಳಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಹರಡಿತು. ಆರಿ ಗಟ್ಟಿಯಾದ ಆ ಕಪ್ಪು ಬಸಾಲ್ಟ್ ಶಿಲೆಯೇ ಇಂದಿನ ಮಹಾರಾಷ್ಟ್ರದ ಬಹುಭಾಗ ಮತ್ತು ಕರ್ನಾಟಕದ ಉತ್ತರದ ಅಂಚು. ಆಮೇಲೆ ಲಕ್ಷಾಂತರ ವರ್ಷ ಬಿಸಿಲು, ಮಳೆ ಅದರ ಮೇಲ್ಪದರವನ್ನು ಕೊರೆದವು. ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಹೀಗೆ ಹುಟ್ಟಿದ್ದು ತೂತುತೂತಾದ ಕೆಂಪು ಜಂಬಿಟ್ಟಿಗೆ.

ಸುಲ್ತಾನನ ಮನಸ್ಸಿನಲ್ಲಿ ಏನಿತ್ತೋ, ಅವನ ಕೆಲಸಗಾರರಂತೂ ಈ ಕಲ್ಲನ್ನು ಬಲ್ಲವರಾಗಿದ್ದರು. ಜಂಬಿಟ್ಟಿಗೆ ಅಗೆಯುವಾಗ ಮೃದು, ಗಾಳಿಗೆ ಒಡ್ಡಿದರೆ ಗಟ್ಟಿ. ಅದಕ್ಕೇ ಕೋಟೆಯ ಸುತ್ತ ಬಂಡೆಯನ್ನೇ ಕೊರೆದು ಮೂರು ಸಾಲಿನ ಕಂದಕ ತೋಡಲು ಸಾಧ್ಯವಾಯಿತು. ಮಳೆನೀರು ಈ ಕಲ್ಲಿನೊಳಗೆ ಇಳಿಯುತ್ತದೆ. ಕೆಳಗಿನ ಜೇಡಿ ಮತ್ತು ಬಸಾಲ್ಟ್ ಅದನ್ನು ತಡೆಯುತ್ತವೆ. ಆ ನೀರಿಗೆ ದಾರಿ ಮಾಡಿದ್ದೇ ಕರೇಜ್, ಅಂದರೆ ಸುರಂಗ ಬಾವಿ. ಇಳಿಜಾರಿನ ಸುರಂಗ, ಅದರುದ್ದಕ್ಕೂ ಗಾಳಿ-ಬೆಳಕಿನ ಬಾವಿಗಳು. ಯಂತ್ರವಿಲ್ಲದೆ ನೀರು ತಾನಾಗಿ ಹರಿಯುತ್ತದೆ. ನೌಬಾದಿನಲ್ಲಿ ಇದನ್ನು ಇಂದಿಗೂ ನೋಡಬಹುದು.

ವಿದ್ಯೆ ಇರಾನಿನದು, ಕಲ್ಲು ದಖನಿನದು. ಮೇಲೆ ದರ್ಬಾರಿನಲ್ಲಿ ಹೊರಗಿನಿಂದ ಬಂದ ಆಫಾಕಿಗಳಿಗೂ ನೆಲದ ದಖನಿಗಳಿಗೂ ಜಗಳ. 1472ರಲ್ಲಿ ಮದರಸಾ ಕಟ್ಟಿಸಿದ, ಗೀಲಾನಿನಿಂದ ಬಂದ ವಜೀರ ಮಹಮೂದ್ ಗವಾನ್ 1481ರಲ್ಲಿ ಆ ಜಗಳಕ್ಕೇ ಬಲಿಯಾದ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ನೆಲದ ಕೆಳಗಿನ ಕರೇಜಿಗೆ ಮಾತ್ರ ಆಫಾಕಿ, ದಖನಿ ಎಂಬ ಭೇದ ತಿಳಿಯಲಿಲ್ಲ.

ಈಚಿನ ವರ್ಷಗಳಲ್ಲಿ ನೌಬಾದಿನ ಕರೇಜಿನ ಹೂಳು ತೆಗೆಯುವ ಕೆಲಸ ನಡೆದಿದೆ, ಸಂತೋಷ. ಆದರೆ ಹೂಳು ತೆಗೆದರಷ್ಟೇ ಸಾಲದು. ಮೇಲಿನ ಕೆಂಪು ನೆಲಕ್ಕೆ ಕಾಂಕ್ರೀಟು ಹೊದಿಸಿ, ಗಾಳಿಬಾವಿಗೆ ಕಸ ಸುರಿದರೆ ಸುರಂಗಕ್ಕೆ ನೀರೆಲ್ಲಿಂದ ಬರಬೇಕು? ಗುಂಬಜುಗಳಿಗೆ ಕಾವಲಿಡುವ ನಾವು, ಅವುಗಳ ಊರಿಗೆ ನೀರುಣಿಸಿದ ಕಲ್ಲನ್ನೂ ಸ್ಮಾರಕವೆಂದೇ ಎಣಿಸಬೇಕು.