ಮೌನ ಮೇಲ್ವಿಚಾರಕ

ಆರು ತಿಂಗಳಿಗೊಮ್ಮೆ ನನ್ನ ಸಂಶೋಧನೆಯ ಪ್ರಗತಿ ವರದಿಗೆ ಒಂದು ಪದದ ಷರಾ ಬೀಳುತ್ತದೆ. ಸಾಮಾನ್ಯವಾಗಿ 'ತೃಪ್ತಿಕರ'. ಒಮ್ಮೆ 'ಸಾಧಾರಣ' ಎಂದಿತ್ತು. ಏಕೆಂದು ಕೇಳದೆ ಸಹಿ ಹಾಕಿ ಬಂದೆ. ಆ ದಿನಗಳಲ್ಲೇ ರಾಬರ್ಟ್ ಓವೆನ್‌ನ ಆತ್ಮಕಥೆ ಓದುತ್ತಿದ್ದೆ.

1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನ ಹತ್ತಿ ಗಿರಣಿಗಳ ಆಡಳಿತ ಓವೆನ್ ಕೈಗೆ ಬಂತು. ಗಿರಣಿಗಳಲ್ಲಿ ಬೈಗುಳ, ಹೊಡೆತ ಸಾಮಾನ್ಯವಾಗಿದ್ದ ಕಾಲವದು. ಅವನು ಅವುಗಳ ಬದಲಿಗೆ 'ಮೌನ ಮೇಲ್ವಿಚಾರಕ'ನನ್ನು ತಂದ. ಅದು ಸುಮಾರು ಎರಡು ಅಂಗುಲ ಉದ್ದದ, ನಾಲ್ಕು ಮುಖದ ಮರದ ತುಂಡು. ಕಪ್ಪು ಎಂದರೆ ಕೆಟ್ಟ ನಡತೆ, ನೀಲಿ ಸಾಧಾರಣ, ಹಳದಿ ಒಳ್ಳೆಯದು, ಬಿಳಿ ಅತ್ಯುತ್ತಮ. ಪ್ರತಿ ಕೆಲಸಗಾರರ ಬಳಿಯೂ ಒಂದೊಂದು ತೂಗುತ್ತಿತ್ತು. ಹಿಂದಿನ ದಿನದ ನಡತೆಯ ಬಣ್ಣ ಎದುರಿಗೆ ಕಾಣುತ್ತಿತ್ತು. ಓವೆನ್ ನಡೆದುಹೋಗುವಾಗ ಬಣ್ಣವನ್ನು ನೋಡುತ್ತಿದ್ದ, ಬಳಿಕ ಕೆಲಸಗಾರರನ್ನು ನೋಡುತ್ತಿದ್ದ. ಮಾತಾಡುತ್ತಿರಲಿಲ್ಲ. ಮೊದಮೊದಲು ಕಪ್ಪೇ ಹೆಚ್ಚಿತ್ತು, ಬರಬರುತ್ತಾ ಬಿಳಿ ಹೆಚ್ಚಿತು ಎನ್ನುತ್ತಾನೆ.

ಇಂದಿನ ಕಚೇರಿಗಳ ಕಾರ್ಯಮೌಲ್ಯಮಾಪನದ ಪೂರ್ವಜನಂತೆ ಕಾಣುವ ಈ ಪದ್ಧತಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬಣ್ಣಗಳಲ್ಲ, ಒಂದು ನಿಯಮ. ಮೇಲ್ವಿಚಾರಕ ಅನ್ಯಾಯ ಮಾಡಿದನೆಂದು ಅನಿಸಿದರೆ, ಅಂಕ ನಡತೆಯ ಪುಸ್ತಕಕ್ಕೆ ಏರುವ ಮೊದಲೇ ಓವೆನ್‌ಗೆ ದೂರು ಕೊಡಬಹುದಿತ್ತು. ನ್ಯಾಯ ಎಂಬ ಭಾವನೆ ಹುಟ್ಟುವುದು ಬಹುಶಃ ಅಲ್ಲಿ, ತೀರ್ಪಿಗೂ ದಾಖಲೆಗೂ ನಡುವೆ ಉಳಿಸಿಟ್ಟ ಆ ಸ್ವಲ್ಪ ಹೊತ್ತಿನಲ್ಲಿ. ಓವೆನ್ ಮೇಲೆ ನಂಬಿಕೆ ಇಡಲು ಬೇರೆ ಕಾರಣವೂ ಇತ್ತು. ಅಮೆರಿಕದ ಹತ್ತಿ ನಿಂತು ಯಂತ್ರಗಳು ಸ್ತಬ್ಧವಾದಾಗ ಅವನು ನಾಲ್ಕು ತಿಂಗಳು ಪೂರ್ಣ ಕೂಲಿ ಕೊಟ್ಟಿದ್ದ.

ಅಂಥ ದೂರುಗಳು ಬಂದದ್ದು ತೀರಾ ಅಪರೂಪ ಎಂದು ಓವೆನ್ ಬರೆಯುತ್ತಾನೆ. ಮೊದಲ ಓದಿನಲ್ಲಿ ಇದನ್ನು ಪದ್ಧತಿಯ ಗೆಲುವೆಂದು ಗುರುತು ಹಾಕಿಕೊಂಡಿದ್ದೆ. ಆದರೆ 1857ರಲ್ಲಿ ಪ್ರಕಟವಾದ ಆ ಪುಸ್ತಕ ಯಜಮಾನನದು. ಕೆಲಸಗಾರರು ಇದ್ದದ್ದು ಗಿರಣಿಯ ಮನೆಗಳಲ್ಲಿ, ದಿನಸಿ ತರುತ್ತಿದ್ದದ್ದು ಗಿರಣಿಯ ಅಂಗಡಿಯಿಂದ. ಅವರು ದೂರದಿದ್ದುದು ನಂಬಿಕೆಯಿಂದಲೋ ಅಂಜಿಕೆಯಿಂದಲೋ? ಆ ಒಂದು ವಾಕ್ಯದಿಂದ ಹೇಳಲಾಗದು.

ನನ್ನ ಕಡತದಲ್ಲೂ ಯಾವ ಆಕ್ಷೇಪಣೆಯೂ ಇಲ್ಲ. ನಾಳೆ ಯಾರಾದರೂ ಅದನ್ನು ತೆರೆದರೆ, ಇವಳಿಗೆ ಸಮಾಧಾನವಿತ್ತು ಎಂದೇ ಓದಿಕೊಳ್ಳುತ್ತಾರೆ. ನನ್ನ ಟಿಪ್ಪಣಿಯಲ್ಲಿ 'ಗೆಲುವು' ಎಂಬುದನ್ನು ಹೊಡೆದುಹಾಕಿ, 'ದೂರಿಲ್ಲ' ಎಂದಷ್ಟೇ ಬರೆದುಕೊಂಡಿದ್ದೇನೆ. ಮುಂದಿನ ವರದಿಗೆ ಸಹಿ ಹಾಕುವ ಮುನ್ನ ಏಕೆಂದು ಕೇಳಬೇಕು.